ವಾರ್ಡಿನ ಲೆಕ್ಕದಲ್ಲಿ ಕಾಣದ ಕೇರಿ

“ಹಾಸನದಲ್ಲಿ ಎಲ್ಲ ಜಾತಿಯವರೂ ಬೆರೆತೇ ವಾಸವಾಗಿದ್ದಾರೆ ಸರ್, ಬೇಕಾದರೆ ವಾರ್ಡಿನ ಪಟ್ಟಿ ನೋಡಿ” ಎಂದು ಸಮೀಕ್ಷೆಯ ತರಬೇತಿಗೆ ಬಂದಿದ್ದ ವಿದ್ಯಾರ್ಥಿಯೊಬ್ಬ ವಾದಿಸಿದ. ಅವನಿಗೆ ಉತ್ತರವಾಗಿ ನಾನು ಹಲಗೆಯ ಮೇಲೆ ಒಂದು ಊರನ್ನೇ ಬರೆದೆ.

ಕಲ್ಪನೆಯ ಆ ಊರಿಗೆ ಎರಡು ವಾರ್ಡು. ವಾರ್ಡಿಗೆ ನಾಲ್ಕು ಬೀದಿ, ಬೀದಿಗೆ 100 ಮನೆ. ಎರಡೂ ವಾರ್ಡುಗಳಲ್ಲಿ ಒಂದೊಂದು ಬೀದಿ ಪೂರ್ತಿ ಪರಿಶಿಷ್ಟ ಜಾತಿಯವರದು; ಉಳಿದ ಮೂರು ಬೀದಿಗಳಲ್ಲಿ ಅವರ ಒಂದು ಮನೆಯೂ ಇಲ್ಲ. ಎರಡು ಗುಂಪಿನವರು ಹೀಗೆ ಬೇರೆಬೇರೆಯಾಗಿ ನೆಲೆಸಿರುವುದನ್ನು ಅಳೆಯಲು ಹೆಚ್ಚು ಬಳಕೆಯಲ್ಲಿರುವುದು ಭಿನ್ನತಾ ಸೂಚ್ಯಂಕ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಓಟಿಸ್ ಡಂಕನ್ ಮತ್ತು ಬೆವರ್ಲಿ ಡಂಕನ್ 1955ರಲ್ಲಿ ಬರೆದ ಲೇಖನದಿಂದ ಅದು ನೆಲೆಯೂರಿತು. ಊರಿನ ಪರಿಶಿಷ್ಟರಲ್ಲಿ ಎಷ್ಟು ಪಾಲು ಈ ವಾರ್ಡಿನಲ್ಲಿದ್ದಾರೆ, ಉಳಿದವರಲ್ಲಿ ಎಷ್ಟು ಪಾಲು ಇದ್ದಾರೆ ಎಂದು ನೋಡಿ ವ್ಯತ್ಯಾಸ ತೆಗೆಯಬೇಕು. ಹೀಗೆ ಎಲ್ಲ ವಾರ್ಡುಗಳ ವ್ಯತ್ಯಾಸಗಳನ್ನು ಚಿಹ್ನೆ ಬಿಟ್ಟು ಕೂಡಿಸಿ, ಅರ್ಧ ಮಾಡಬೇಕು. 0 ಬಂದರೆ ಸಮನಾಗಿ ಹರಡಿದ್ದಾರೆ. 1 ಬಂದರೆ ಪೂರ್ತಿ ಬೇರೆಯಾಗಿದ್ದಾರೆ.

ವಿದ್ಯಾರ್ಥಿಯೇ ಲೆಕ್ಕ ಹಾಕಿದ. ವಾರ್ಡುಗಳನ್ನು ಹಿಡಿದಾಗ ಉತ್ತರ 0. ವಾರ್ಡನ್ನು ಎರಡೆರಡು ಬೀದಿಗಳ ಭಾಗಗಳಾಗಿ ಒಡೆದಾಗ 0.67. ಅಂದರೆ ಸಮನಾಗಬೇಕಾದರೆ ಪರಿಶಿಷ್ಟರಲ್ಲಿ ಮೂವರಿಗೆ ಇಬ್ಬರು ಮನೆ ಬದಲಿಸಬೇಕು. ಬೀದಿಬೀದಿಯಾಗಿ ನೋಡಿದಾಗ 1. ಒಂದು ಮನೆಯೂ ಕದಲಿರಲಿಲ್ಲ, ಕದಲಿದ್ದು ನಾವು ಎಳೆದ ಗೆರೆ ಮಾತ್ರ. ಅವನು ಬಹಳ ಹೊತ್ತು ಹಲಗೆಯನ್ನೇ ನೋಡುತ್ತಿದ್ದ.

ನಮ್ಮ ಊರುಗಳಿಗೆ ಈ ಎಚ್ಚರ ಹೆಚ್ಚು ಬೇಕು. ಅಮೆರಿಕದ ನಗರಗಳಲ್ಲಿ ಮೈಲಿಗಟ್ಟಲೆ ಪ್ರದೇಶವೇ ಒಂದು ಸಮುದಾಯದ್ದಾಗಿರುವುದುಂಟು. ನಮ್ಮಲ್ಲಿ ಒಂದು ಚರಂಡಿಯ ಆಚೆ, ಒಂದು ತಿರುವಿನ ಹಿಂದೆ ಕೇರಿ ಶುರುವಾಗುತ್ತದೆ. ಬೆಂಗಳೂರಿನ ಐಐಎಂ (ಭಾರತೀಯ ನಿರ್ವಹಣಾ ಸಂಸ್ಥೆ) ಸಂಶೋಧಕರು ಮಹಾನಗರಗಳ 2011ರ ಗಣತಿಯ ಬ್ಲಾಕ್ ಮಟ್ಟದ ಅಂಕಿಗಳನ್ನು ಬಳಸಿ ಇದನ್ನೇ ತೋರಿಸಿದ್ದಾರೆ: ವಾರ್ಡಿನ ಸರಾಸರಿಯು ಅದರೊಳಗಿನ ಪ್ರತ್ಯೇಕತೆಯನ್ನು ಮುಚ್ಚಿಡುತ್ತದೆ. ಬ್ಲಾಕ್ ಎಂದರೆ ಒಬ್ಬ ಗಣತಿದಾರ ಸುತ್ತಿ ಮುಗಿಸಬಹುದಾದಷ್ಟು ಮನೆಗಳ ಗುಂಪು. ಆದರೆ ಜನಸಾಮಾನ್ಯರ ಕೈಗೆ ಸುಲಭವಾಗಿ ಸಿಗುವುದು ವಾರ್ಡಿನ ಪಟ್ಟಿಯೇ. ಅದರಲ್ಲೂ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಅಂಕಿ ಮಾತ್ರ ಇರುತ್ತದೆ. 1931ರ ನಂತರದ ಯಾವ ಜನಗಣತಿಯಲ್ಲೂ ಎಲ್ಲ ಜಾತಿಗಳ ಅಂಕಿ ಪ್ರಕಟವಾಗಿಲ್ಲ. 2027ರ ಗಣತಿಯಲ್ಲಿ ಜಾತಿಯನ್ನೂ ಎಣಿಸುವುದಾಗಿ ಸರ್ಕಾರ ಹೇಳಿದೆ. ಯಾವ ಮನೆಯ ಗುರುತೂ ಹೊರಬೀಳದಂತೆ ನೋಡಿಕೊಂಡು ಬ್ಲಾಕ್ ಮಟ್ಟದ ಅಂಕಿಗಳನ್ನು ಕೊಡಿ ಎಂದು ನಾವು ಈಗಲೇ ಗಟ್ಟಿಯಾಗಿ ಕೇಳಬೇಕು.

ಸಮನಾಗಿ ಹರಡಿದ್ದಾರೆಯೇ ಎನ್ನುವುದು ಒಂದೇ ಪ್ರಶ್ನೆಯಲ್ಲ. ಅಮೆರಿಕದ ಸಮಾಜಶಾಸ್ತ್ರಜ್ಞರಾದ ಮ್ಯಾಸಿ ಮತ್ತು ಡೆಂಟನ್ 1988ರಲ್ಲಿ ಪ್ರತ್ಯೇಕತೆಗೆ ಐದು ಮುಖಗಳಿವೆ ಎಂದರು. ಅವುಗಳಲ್ಲಿ ನನಗೆ ಮುಖ್ಯವೆನಿಸುವುದು ಒಡನಾಟದ ಮುಖ: ಒಬ್ಬರ ನೆರೆಯಲ್ಲಿ ಬೇರೆಯವರು ಎಷ್ಟು ಮಂದಿ ಇದ್ದಾರೆ, ಮಕ್ಕಳು ಯಾರ ಅಂಗಳದಲ್ಲಿ ಆಡುತ್ತಾರೆ.

ಹಾಸನದ ಕುವೆಂಪುನಗರದಂಥ ಬಡಾವಣೆಗೆ ಕವಿಯ ಹೆಸರಿದೆ. ಹೆಸರಿನಲ್ಲಿ ಜಾತಿಯಿಲ್ಲ, ಮನೆ ಬಾಡಿಗೆಗೆ ಕೇಳುವಾಗ ಅದು ಬರುತ್ತದೆ. ನಮ್ಮ ತಂಡದ ಹುಡುಗಿಯೊಬ್ಬಳು ಊರಿನ ಒಂದು ಹೊಸ ಬಡಾವಣೆಯಲ್ಲಿ ‘ಮನೆ ಬಾಡಿಗೆಗಿದೆ’ ಎಂಬ ಫಲಕ ನೋಡಿ ಗೇಟು ತಟ್ಟಿದಳು. “ಯಾವ ಜನ ಅಮ್ಮಾ ನೀವು?” ಎಂದು ಕೇಳಿದರಂತೆ. ಹೇಳಿದಳು. “ಊರಿಂದ ನಮ್ಮ ಮಗಳು ಬರುತ್ತಾಳೆ, ಈಗ ಕೊಡುವುದಿಲ್ಲ” ಎಂದರಂತೆ. ತಿಂಗಳು ಕಳೆದ ಮೇಲೂ ಫಲಕ ಅಲ್ಲೇ ತೂಗುತ್ತಿತ್ತು. ಆ ಮೇಲೆ ನಮ್ಮ ಸಮೀಕ್ಷೆಯ ನಮೂನೆಗೆ ಎರಡು ಪ್ರಶ್ನೆ ಸೇರಿಸಿದ್ದೇನೆ: ಈ ಮನೆ ಸಿಗುವ ಮುನ್ನ ಎಷ್ಟು ಮನೆ ಕೇಳಿದಿರಿ? ಇಲ್ಲ ಎನ್ನುವಾಗ ಏನು ಕಾರಣ ಹೇಳಿದರು?