‘ಲೆಸ್ಲಿ ಇದ್ದಕ್ಕಿದ್ದಂತೆ ಯಾಕೆ ಸಾಯುತ್ತಾಳೆ?’: ಮತ್ತೆ ಅದೇ ಪ್ರಶ್ನೆ

ಪ್ರಶ್ನೆ: ‘ಬ್ರಿಜ್ ಟು ಟೆರಾಬಿಥಿಯಾ’ ಸಿನಿಮಾವನ್ನು ಮಕ್ಕಳ ಜೊತೆ ಕೂತು ನೋಡಿದೆವು. ಮಾಯಾಲೋಕ, ಗೆಳೆತನ, ಎಲ್ಲ ಚೆನ್ನಾಗಿ ಹೋಗುತ್ತಿತ್ತು. ಇದ್ದಕ್ಕಿದ್ದಂತೆ ಆ ಹುಡುಗಿಯನ್ನು ಸಾಯಿಸಿಬಿಟ್ಟರು. ಒಂದು ಸುಳಿವೂ ಕೊಡದೆ ಹೀಗೆ ಮಾಡುವುದು ಚಿತ್ರಕಥೆಯ ತಪ್ಪಲ್ವಾ? ಸುಮ್ನೆ ಅಳಿಸೋಕೆ ಅಂತ ಮಾಡಿದ್ದಲ್ವಾ?

ಉತ್ತರ: ಕೇಳುವವರು ಬೇರೆ ಬೇರೆ, ಪ್ರಶ್ನೆ ಮಾತ್ರ ಇದೇ. ಸಿನಿಮಾ ಬಂದದ್ದು 2007ರಲ್ಲಿ. ಇಷ್ಟು ವರ್ಷವಾದರೂ ಯಾರಾದರೊಬ್ಬರು ಮನೆಯಲ್ಲಿ ಹೊಸದಾಗಿ ನೋಡುತ್ತಾರೆ, ಮಕ್ಕಳು ಅಳುತ್ತಾರೆ, ನನಗೆ ಪತ್ರ ಬರುತ್ತದೆ. ಹಾಗಾಗಿ ಈ ಸಲ ಪೂರ್ತಿ ಉತ್ತರ ಬರೆದುಬಿಡುತ್ತೇನೆ. ಸಿನಿಮಾ ನೋಡದವರು ಇಲ್ಲೇ ನಿಲ್ಲಿಸಿ. ಕಥೆ ಹೇಳದೆ ಇದನ್ನು ವಿವರಿಸಲು ಆಗುವುದಿಲ್ಲ.

ಚಿಕ್ಕ ಉತ್ತರ: ತಪ್ಪಲ್ಲ. ಲೆಸ್ಲಿಯ ಸಾವಿಗೆ ಸಿನಿಮಾ ಬೇಕಾದಷ್ಟು ಸಿದ್ಧತೆ ಮಾಡಿಕೊಂಡಿದೆ. ನಾವು ಹುಡುಕಿದ್ದು ಬೇರೆ ಥರದ ಸಿದ್ಧತೆಯನ್ನು, ಅಷ್ಟೇ.

ನಮ್ಮ ಸಿನಿಮಾಗಳಲ್ಲಿ ಯಾರಾದರೂ ಸಾಯುವ ಮುಂಚೆ ಏನಾಗುತ್ತದೆ? ದೇವರ ಮುಂದಿನ ದೀಪ ಆರುತ್ತದೆ. ಕುಂಕುಮದ ಬಟ್ಟಲು ಕೈಜಾರುತ್ತದೆ. ಗೋಡೆಯ ಫೋಟೋ ಬಿದ್ದು ಗಾಜು ಒಡೆಯುತ್ತದೆ. ತಾಯಿಯ ಎದೆ ಝಲ್ ಎನ್ನುತ್ತದೆ, ಹಿನ್ನೆಲೆಯಲ್ಲಿ ವಯಲಿನ್ ಶುರುವಾಗುತ್ತದೆ. ಇದನ್ನೆಲ್ಲ ನೋಡಿ ಬೆಳೆದ ನಮಗೆ ‘ಸುಳಿವು’ ಎಂದರೆ ಅಪಶಕುನ ಎಂದೇ ಆಗಿಬಿಟ್ಟಿದೆ. ಅಪಶಕುನ ಏನು ಆಗಲಿದೆ ಎಂದು ಹೇಳುತ್ತದೆ. ಯಾಕೆ ಆಗುತ್ತದೆ ಎಂದು ಹೇಳುವುದಿಲ್ಲ. ದೀಪ ಆರಿದ್ದಕ್ಕೂ ಲಾರಿ ಗುದ್ದಿದ್ದಕ್ಕೂ ಸಂಬಂಧವೇ ಇಲ್ಲ. ಆದರೂ ನೋಡುವವರಿಗೆ ಸಮಾಧಾನ, ಹೇಳಿ ಕೊಂದರಲ್ಲ ಅಂತ.

‘ಬ್ರಿಜ್ ಟು ಟೆರಾಬಿಥಿಯಾ’ದಲ್ಲಿ ಒಂದೂ ಅಪಶಕುನ ಇಲ್ಲ. ಅಲ್ಲಿರುವುದೆಲ್ಲ ಕಾರಣಗಳು, ಅದೂ ಕಣ್ಣ ಮುಂದೆಯೇ. ಇನ್ನೊಮ್ಮೆ ನೋಡಿದರೆ ಒಂದೊಂದಾಗಿ ಸಿಗುತ್ತವೆ.

ಮೊದಲನೆಯದು ಆ ಹಗ್ಗ. ಕಥಾನಾಯಕ ಹುಡುಗ ಜೆಸ್ ಮತ್ತು ಅವನ ಗೆಳತಿ ಲೆಸ್ಲಿ ಕಾಡಿನಂಚಿಗೆ ಹೋದ ಮೊದಲ ದಿನವೇ ಹಳ್ಳದ ಮೇಲೆ ಮರಕ್ಕೆ ತೂಗುಬಿಟ್ಟ ಹಗ್ಗ ಸಿಗುತ್ತದೆ. ಅದನ್ನು ಯಾರು ಕಟ್ಟಿದರು, ಎಷ್ಟು ಹಳೆಯದು, ಯಾರೂ ಕೇಳುವುದಿಲ್ಲ. ಅದನ್ನು ಹಿಡಿದು ತೂಗಿ ಆಚೆ ದಡಕ್ಕೆ ಹೋಗುತ್ತಾರೆ. ಆಚೆ ದಡವೇ ಟೆರಾಬಿಥಿಯಾ, ಇಬ್ಬರೂ ಸೇರಿ ಕಲ್ಪಿಸಿಕೊಂಡ ಮಾಯಾರಾಜ್ಯ. ಅಲ್ಲಿಗೆ ಅವರು ಹೋಗುವುದು ಪ್ರತಿಸಲ ಅದೇ ಹಗ್ಗದ ಮೇಲೆ. ಅಂದರೆ ಇಡೀ ಮಾಯಾರಾಜ್ಯದ ಹೆಬ್ಬಾಗಿಲು ಒಂದು ಹಳೇ ಹಗ್ಗ. ಇದಕ್ಕಿಂತ ದೊಡ್ಡ ಸುಳಿವು ಬೇಕಾ?

ಎರಡನೆಯದು ಲೆಸ್ಲಿಯ ಸ್ವಭಾವ. ಅವಳು ಕಥೆಯೊಳಗೆ ಬರುವುದೇ ಒಂದು ಓಟದ ಪಂದ್ಯದಲ್ಲಿ. ಶಾಲೆಯ ಮೈದಾನದಲ್ಲಿ ಹುಡುಗರು ಓಡುವ ಕಡೆ ತಾನೂ ಹೋಗಿ ನಿಂತು ಎಲ್ಲರನ್ನೂ ಹಿಂದೆ ಹಾಕುತ್ತಾಳೆ, ಗೆಲ್ಲಲೇಬೇಕೆಂದು ಅಭ್ಯಾಸ ಮಾಡಿ ಬಂದಿದ್ದ ಜೆಸ್‌ನನ್ನೂ ಸೇರಿಸಿ. ಭಯ ಎಂದರೇನು ಎಂದು ಗೊತ್ತಿಲ್ಲದ ಹುಡುಗಿ. ಹಗ್ಗ ಹಿಡಿದು ತೂಗುವಾಗ ತಲೆಯನ್ನು ಹಿಂದಕ್ಕೆ ಚೆಲ್ಲಿ ಆಕಾಶ ನೋಡುತ್ತಾಳೆ. ನಾವು ಅವಳನ್ನು ಇಷ್ಟಪಡುವುದು ಯಾಕೋ, ಅವಳು ಒಬ್ಬಳೇ ಆ ಹಗ್ಗ ಹಿಡಿಯುವುದೂ ಅದಕ್ಕೇ.

ಮೂರನೆಯದು ಮಳೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಿನ್ನೆ ದಾಟಿದ ಹಳ್ಳ ಇವತ್ತಿನದಲ್ಲ. ಇಬ್ಬರೂ ಕಡೆಯ ಸಲ ಜೊತೆಯಾಗಿ ಆಡುವುದು ಮಳೆಯಲ್ಲೇ. ನೀರು ಏರಿದೆ. ಅವರಿಗೆ ಅದೂ ಆಟ.

ನಾಲ್ಕನೆಯದನ್ನು ಎಲ್ಲರೂ ಮರೆಯುತ್ತಾರೆ. ಚರ್ಚಿನಿಂದ ವಾಪಸ್ ಬರುವಾಗ ಜೆಸ್, ಅವನ ತಂಗಿ ಮೇ ಬೆಲ್ ಮತ್ತು ಲೆಸ್ಲಿ ಟ್ರಕ್ಕಿನ ಹಿಂದೆ ಕೂತು ಮಾತಾಡುತ್ತಾರೆ. ಬೈಬಲ್ ನಂಬದಿದ್ದರೆ ಸತ್ತ ಮೇಲೆ ನರಕ ಎನ್ನುವುದು ಪುಟ್ಟ ಮೇ ಬೆಲ್‌ಳ ವಾದ. ಲೆಸ್ಲಿ ನಗುತ್ತಾ ತಳ್ಳಿಹಾಕುತ್ತಾಳೆ. ಮಕ್ಕಳ ಹರಟೆ ಎಂದು ನಾವೂ ಬಿಟ್ಟುಬಿಡುತ್ತೇವೆ. ಆಮೇಲೆ ಜೆಸ್ ಅಪ್ಪನ ಹತ್ತಿರ ಅಳುತ್ತಾ ಕೇಳುವುದು ಇದೇ ವಿಷಯ: ಲೆಸ್ಲಿ ನರಕಕ್ಕೆ ಹೋಗುತ್ತಾಳಾ? ಇದಕ್ಕಿಂತ ನೇರವಾಗಿ ಇನ್ನು ಹೇಗೆ ಸಿದ್ಧತೆ ಮಾಡುತ್ತಾರೆ, ನೀವೇ ಹೇಳಿ.

ಇನ್ನು ‘ಸುಮ್ನೆ ಅಳಿಸೋಕೆ’ ಎನ್ನುವ ಆರೋಪ. ಇದು ಎಷ್ಟು ಹೊಡೆದರೂ ಸಾಯುವುದಿಲ್ಲ. ನಿರ್ದೇಶಕ ಗಾಬೋರ್ ಚುಪೊ ತನ್ನ ಮನಸ್ಸಿಗೆ ಬಂದ ಹಾಗೆ ಹುಡುಗಿಯನ್ನು ಸಾಯಿಸಿದ ಎಂದೇ ಹಲವರ ನಂಬಿಕೆ. ಆದರೆ ಈ ಸಿನಿಮಾ ಒಂದು ಕಾದಂಬರಿಯನ್ನು ಆಧರಿಸಿದ್ದು. ಕ್ಯಾಥರಿನ್ ಪ್ಯಾಟರ್ಸನ್ ಬರೆದ ಆ ಕಾದಂಬರಿ ಬಂದದ್ದು 1977ರಲ್ಲಿ. ಮರುವರ್ಷ ಅದಕ್ಕೆ ಅಮೆರಿಕದ ಮಕ್ಕಳ ಸಾಹಿತ್ಯದ ದೊಡ್ಡ ಗೌರವವಾದ ನ್ಯೂಬೆರಿ ಪದಕ ಸಿಕ್ಕಿತು. ಕಾದಂಬರಿಯಲ್ಲೂ ಲೆಸ್ಲಿ ಸಾಯುತ್ತಾಳೆ, ಅದೇ ಹಳ್ಳದಲ್ಲಿ. ಕಾದಂಬರಿ ಹುಟ್ಟಿದ್ದೇ ಒಂದು ನಿಜವಾದ ಸಾವಿನಿಂದ. ಪ್ಯಾಟರ್ಸನ್ ಅವರ ಮಗ ಡೇವಿಡ್‌ನ ಆಪ್ತ ಗೆಳತಿ 1974ರಲ್ಲಿ, ಇನ್ನೂ ಎಂಟು ವರ್ಷದವಳಿದ್ದಾಗ, ಸಿಡಿಲು ಬಡಿದು ತೀರಿಕೊಂಡಳು. ಆ ಡೇವಿಡ್ ದೊಡ್ಡವನಾಗಿ ಈ ಸಿನಿಮಾದ ಚಿತ್ರಕಥೆ ಬರೆದವರಲ್ಲಿ ಒಬ್ಬ, ನಿರ್ಮಾಪಕರಲ್ಲಿ ಒಬ್ಬ. ಗೆಳತಿಯನ್ನು ಕಳೆದುಕೊಂಡ ಹುಡುಗನೇ ಬರೆದ ಚಿತ್ರಕಥೆಗೆ ‘ಅಳಿಸುವ ಗಿಮಿಕ್’ ಎಂದರೆ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಿ. ಜೀವನದಲ್ಲಿ ಬಂದದ್ದು ಸಿಡಿಲು. ಕಥೆಯಲ್ಲಿ ಬಂದದ್ದು ಹಗ್ಗ. ಸಿಡಿಲಿಗೆ ಕಾರಣ ಇಲ್ಲ, ಅದು ಯಾರ ಸ್ವಭಾವವನ್ನೂ ಕೇಳುವುದಿಲ್ಲ. ಅದನ್ನೇ ಕಥೆಗೆ ಹಾಕಿದ್ದರೆ ‘ಇದ್ದಕ್ಕಿದ್ದಂತೆ’ ಎಂಬ ನಿಮ್ಮ ದೂರು ನ್ಯಾಯವಾಗಿರುತ್ತಿತ್ತು. ಹಗ್ಗವಾದರೆ ಹಾಗಲ್ಲ. ಅದು ಮೊದಲ ದಿನದಿಂದ ಅಲ್ಲೇ ಇದೆ, ಆ ಮಕ್ಕಳೇ ಅದನ್ನು ದಿನಾ ಬಳಸಿದ್ದಾರೆ. ನಿಜಜೀವನದ ಕಾರಣವಿಲ್ಲದ ಸಾವಿಗೆ ಕಥೆಯಲ್ಲಿ ಒಂದು ಕಾರಣ ಸಿಕ್ಕಿತು. ಚಿತ್ರಕಥೆ ಕಲಿಯುವವರು ಈ ಒಂದು ಬದಲಾವಣೆಯನ್ನು ಸರಿಯಾಗಿ ಅರ್ಥಮಾಡಿಕೊಂಡರೆ ಅರ್ಧ ಪಾಠ ಮುಗಿದಂತೆ.

‘ಸರಿ, ಆದರೂ ನಮಗೆ ಶಾಕ್ ಆಯಿತಲ್ಲ?’ ಆಗಲೇಬೇಕು. ಆ ದಿನವನ್ನು ಹೇಗೆ ಕಟ್ಟಿದ್ದಾರೆ ನೋಡಿ. ಬೆಳಗ್ಗೆ ಸಂಗೀತದ ಟೀಚರ್ ಮಿಸ್ ಎಡ್ಮಂಡ್ಸ್ ಫೋನ್ ಮಾಡಿ ಮ್ಯೂಸಿಯಂಗೆ ಬರುತ್ತೀಯಾ ಎನ್ನುತ್ತಾರೆ. ಚಿತ್ರ ಬರೆಯುವ ಹುಡುಗನಿಗೆ ಇದಕ್ಕಿಂತ ಏನು ಬೇಕು? ನಿದ್ದೆಗಣ್ಣಿನ ಅಮ್ಮನನ್ನು ಕೇಳಿದ ಶಾಸ್ತ್ರ ಮಾಡಿ ಹೊರಡುತ್ತಾನೆ. ಲೆಸ್ಲಿಯನ್ನೂ ಕರೆಯಬಹುದಿತ್ತು, ಕರೆಯುವುದಿಲ್ಲ. ಆ ದಿನ ಅವನ ಪಾಲಿಗೆ ಹಬ್ಬ. ಕ್ಯಾಮೆರಾ ಅವನ ಜೊತೆಗೇ ಇರುತ್ತದೆ, ಹಳ್ಳದ ಕಡೆ ತಿರುಗಿಯೂ ನೋಡುವುದಿಲ್ಲ. ಮನೆಗೆ ಬಂದರೆ ಎಲ್ಲರೂ ಅವನೂ ಹೋಗಿಬಿಟ್ಟ ಎಂದುಕೊಂಡು ಕಂಗಾಲಾಗಿ ಕೂತಿದ್ದಾರೆ. ಹಗ್ಗ ಕಡಿದುಹೋಯಿತು, ಲೆಸ್ಲಿ ಮುಳುಗಿದಳು ಎಂದು ಅಪ್ಪ ಹೇಳುತ್ತಾನೆ. ನಮಗೆ ಸಾವು ಕಾಣಿಸುವುದಿಲ್ಲ, ಸುದ್ದಿ ಮಾತ್ರ ಕೇಳಿಸುತ್ತದೆ.

ಅವಳು ಬೀಳುವುದನ್ನು ತೋರಿಸಿದ್ದರೆ? ಅಳು ಜಾಸ್ತಿ ಬರುತ್ತಿತ್ತು. ಅಳಿಸುವುದೇ ಉದ್ದೇಶವಾಗಿದ್ದರೆ ಅದನ್ನೇ ಮಾಡುತ್ತಿದ್ದರು, ನಿಧಾನಗತಿಯಲ್ಲಿ, ಮೂರು ಕೋನದಿಂದ. ತೋರಿಸದೆ ಬಿಟ್ಟಿದ್ದರಿಂದ ಕಥೆ ಜೆಸ್‌ನ ಹತ್ತಿರವೇ ಉಳಿಯಿತು. ‘ಹೇಗೆ ಸತ್ತಳು?’ ಎನ್ನುವುದು ಅವನಿಗೆ ದೊಡ್ಡದಲ್ಲ. ‘ನಾನು ಕರೆದಿದ್ದರೆ?’ ಎನ್ನುವುದು ದೊಡ್ಡದು. ಅತ್ಯಂತ ಖುಷಿಯ ದಿನ, ಅತ್ಯಂತ ಕೆಟ್ಟ ದಿನ ಎರಡೂ ಒಂದೇ ದಿನ. ಈ ಅಪರಾಧಿ ಭಾವ ಹುಟ್ಟಿದ್ದೇ ಅಲ್ಲಿ.

ಇದಕ್ಕೇ ನಾನು ಹೇಳುವುದು, ಸಾವು ಈ ಸಿನಿಮಾದ ಕ್ಲೈಮ್ಯಾಕ್ಸ್ ಅಲ್ಲ. ಕಡೆಯ ತಿರುವು, ಅಷ್ಟೇ. ಅಮೆರಿಕದ ಸಿಡ್ ಫೀಲ್ಡ್ 1979ರಲ್ಲಿ ಚಿತ್ರಕಥೆ ಬಗ್ಗೆ ಪುಸ್ತಕ ಬರೆದು, ಮೊದಲ 30 ಪುಟ ಆರಂಭ, ನಡುವಿನ 60 ಪುಟ ಸಂಘರ್ಷ, ಕೊನೆಯ 30 ಪುಟ ಪರಿಹಾರ ಎಂದು ಲೆಕ್ಕ ಹಾಕಿಕೊಟ್ಟರು. ಆ ಲೆಕ್ಕವನ್ನು ಅಕ್ಷರಕ್ಕೆ ಅಕ್ಷರ ನಂಬುವವನು ನಾನಲ್ಲ. ಆದರೆ ಒಂದು ಮಾತು ಅದರಲ್ಲಿ ಸರಿ ಇದೆ: ಎರಡನೇ ಭಾಗದ ಕೊನೆಗೆ ಬರುವ ಪೆಟ್ಟು ಕಥೆಯನ್ನು ಮುಗಿಸುವುದಿಲ್ಲ, ಕೊನೆಯ ಭಾಗಕ್ಕೆ ತಳ್ಳುತ್ತದೆ. ಲೆಸ್ಲಿಯ ಸಾವು ಅಂಥ ಪೆಟ್ಟು.

ಹಾಗಾದರೆ ಕ್ಲೈಮ್ಯಾಕ್ಸ್ ಎಲ್ಲಿ? ಕಾಡಿನಲ್ಲಿ. ಟೆರಾಬಿಥಿಯಾದ ಪ್ರಾಣಿಗಳೆಲ್ಲ ಶಾಲೆಯ ತಂಟೆಕೋರರ ರೂಪವೇ ಎಂಬುದು ನಿಮಗೆ ಗೊತ್ತಿದೆ. ಜಾನಿಸ್ ಏವರಿ ಎಂಬ ಜೋರು ಹುಡುಗಿ ಅಲ್ಲಿ ದೈತ್ಯೆ. ಎಲ್ಲದಕ್ಕೂ ಮೇಲೆ ಒಬ್ಬ ‘ಡಾರ್ಕ್ ಮಾಸ್ಟರ್’ ಇದ್ದಾನೆ, ಕಪ್ಪು ನೆರಳಿನಂಥ ಶತ್ರು, ಅವನಿಗೆ ಮುಖವೇ ಇಲ್ಲ. ಅವನು ಯಾರು? ಸಾವಿನ ನಂತರ ಜೆಸ್ ಕಾಡಿಗೆ ಓಡಿದಾಗ ಆ ನೆರಳು ಅಟ್ಟಿಸಿಕೊಂಡು ಬರುತ್ತದೆ. ಹಿಡಿಯುತ್ತದೆ. ನೋಡಿದರೆ ಅಪ್ಪ. ಸಿನಿಮಾದ ಶುರುವಿನಿಂದ ತಂಗಿಯನ್ನು ಮುದ್ದಿಸಿ, ಮಗನನ್ನು ಬರೀ ಗದರಿಸುವ ಅಪ್ಪ. ಅವನು ಈಗ ಹುಡುಗನನ್ನು ತಬ್ಬಿ ಹಿಡಿಯುತ್ತಾನೆ. ಮಾಯಾಕಥೆಯ ಖಳನಾಯಕ ಮತ್ತು ಮನೆಯ ಕಥೆಯ ಸಮಸ್ಯೆ, ಎರಡೂ ಒಂದೇ ಅಪ್ಪುಗೆಯಲ್ಲಿ ಬಗೆಹರಿಯುತ್ತವೆ. ಯುದ್ಧ ಎಲ್ಲಿ ಎಂದು ಕೇಳುವವರಿಗೆ ನನ್ನ ಉತ್ತರ ಇದೇ. ಈ ಯುದ್ಧದಲ್ಲಿ ಕತ್ತಿ ಇಲ್ಲ.

ತಪ್ಪು ನಿಮ್ಮದೊಂದೇ ಅಲ್ಲ ಬಿಡಿ. ಟ್ರೈಲರ್‌ನಲ್ಲಿ ಮಾಯಾಜೀವಿಗಳನ್ನೇ ಮುಂದೆ ಮಾಡಿ ತೋರಿಸಿದರು. ಅದನ್ನು ನೋಡಿದವರು ಸಾಹಸದ ಸಿನಿಮಾ ಎಂದುಕೊಂಡು ಒಳಗೆ ಹೋದರು. ನೋಡಿದರೆ 96 ನಿಮಿಷದ ಸಿನಿಮಾದಲ್ಲಿ ಜಾಸ್ತಿ ಪಾಲು ಶಾಲೆ, ಬಸ್ಸು, ಊಟದ ಮೇಜು.

ಕಾಡಿನ ದೃಶ್ಯದ ನಂತರ ಉಳಿದದ್ದು ಸೇತುವೆ. ಹಳ್ಳಕ್ಕೆ ಅಡ್ಡ ಬಿದ್ದ ಮರದ ಮೇಲೆ ಜೆಸ್‌ನ ಹಿಂದೆಯೇ ಬಂದ ಮೇ ಬೆಲ್ ಹೆದರಿ ನಿಂತುಬಿಡುತ್ತಾಳೆ. ಅವಳನ್ನು ಅವನು ಕಾಪಾಡುತ್ತಾನೆ. ಆಮೇಲೆ ಹಲಗೆ ಹೊಡೆದು ಸೇತುವೆ ಕಟ್ಟುತ್ತಾನೆ. ಹಗ್ಗ ಇಬ್ಬರದೇ ಗುಟ್ಟಾಗಿತ್ತು, ಅಲ್ಲಿಗೆ ಮೇ ಬೆಲ್ ಬಂದರೆ ಓಡಿಸುತ್ತಿದ್ದ. ಈಗ ಅವಳನ್ನೇ ಕೈಹಿಡಿದು ಕರೆದುಕೊಂಡು ಹೋಗಿ ರಾಜಕುಮಾರಿ ಮಾಡುತ್ತಾನೆ. ಲೆಸ್ಲಿಯನ್ನು ಕರೆಯದೆ ಹೋದ ಹುಡುಗ ತಂಗಿಯನ್ನು ಕರೆಯುತ್ತಾನೆ. ಇಷ್ಟು ಬಿಗಿಯಾದ ಹೆಣಿಗೆಗೆ ‘ಸುಳಿವೇ ಇಲ್ಲ’ ಎನ್ನುತ್ತೀರಲ್ಲ!

ಇದನ್ನು ಬರೆಯುವಾಗ ಇನ್ನೊಂದು ವಿಷಯ ತಲೆಗೆ ಬಂತು. ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಸಿನಿಮಾಗೆ ಇಂಟರ್‌ವಲ್ ಎಲ್ಲಿ ಹಾಕಬೇಕು?

ಹಾಲಿವುಡ್‌ನವರು ಇಂಟರ್‌ವಲ್ ಲೆಕ್ಕ ಇಟ್ಟುಕೊಂಡು ಬರೆಯುವುದಿಲ್ಲ. ನಮ್ಮ ಥಿಯೇಟರ್‌ಗಳಲ್ಲಿ ಎಲ್ಲೋ ನಡುವೆ ಕತ್ತರಿಸುತ್ತಾರೆ, ಕೆಲವು ಸಲ ಪಾತ್ರ ಮಾತಾಡುತ್ತಿರುವಾಗಲೇ. ನಮ್ಮ ಚಿತ್ರಕಥೆಗಾರರಿಗೆ ಇಂಟರ್‌ವಲ್ ಎಂದರೆ ದೊಡ್ಡ ಏಟು, ಜನ ಎದ್ದು ಹೋಗುವಾಗ ಮಾತಾಡಿಕೊಳ್ಳಬೇಕು. ಹಾಗಾಗಿ ಯಾರನ್ನು ಕೇಳಿದರೂ ‘ಲೆಸ್ಲಿ ಸತ್ತ ಸುದ್ದಿಗೆ ಇಂಟರ್‌ವಲ್’ ಎಂದೇ ಹೇಳುತ್ತಾರೆ. ಲೆಕ್ಕಕ್ಕೂ ಹೊಂದುವುದಿಲ್ಲ, ಆ ಹೊತ್ತಿಗೆ ಅರ್ಧಕ್ಕಿಂತ ಬಹಳ ಮುಂದೆ ಹೋಗಿರುತ್ತದೆ. ಕಥೆಗಂತೂ ವಿಷ. ಸುದ್ದಿ ಕೇಳಿ ನಂಬದೆ ಓಡುವ ಹುಡುಗನನ್ನು ಅಲ್ಲಿಗೇ ಬಿಟ್ಟು ಸಮೋಸಾ ತರಲು ಹೋಗುವುದೇ?

ನನ್ನ ಆಯ್ಕೆ ಶಾಲೆಯ ಟಾಯ್ಲೆಟ್ ದೃಶ್ಯ. ಜಾನಿಸ್ ಒಳಗೆ ಕೂತು ಅಳುತ್ತಿದ್ದಾಳೆ. ಲೆಸ್ಲಿ ಬಾಗಿಲು ತಳ್ಳಿ ಒಳಗೆ ಹೋಗುತ್ತಾಳೆ. ಶತ್ರುವಿಗೂ ಒಂದು ನೋವಿದೆ, ಅವಳ ಮನೆಯಲ್ಲೂ ಹೆದರಿಸುವ ಅಪ್ಪ ಇದ್ದಾನೆ ಎಂದು ಮೊದಲ ಸಲ ತಿಳಿಯುವುದು ಅಲ್ಲಿ. ಅದಕ್ಕೂ ಮುಂಚೆ ಟೆರಾಬಿಥಿಯಾ ಎಂದರೆ ದೈತ್ಯರನ್ನು ಸೋಲಿಸುವ ಜಾಗ. ಅಲ್ಲಿಂದ ಮುಂದೆ ದೈತ್ಯರೂ ಸ್ನೇಹಿತರಾಗಬಹುದು. ಕಥೆ ಮಗ್ಗುಲು ಬದಲಿಸುವುದು ಆ ಬಾಗಿಲಿನ ಹತ್ತಿರ. ಥಿಯೇಟರ್‌ನವರು ಒಪ್ಪುವುದಿಲ್ಲ, ಏಟು ಸಾಲದು ಎನ್ನುತ್ತಾರೆ.

ಮನೆಯಲ್ಲಿ ನೋಡುವವರು ಹಾಲು ಉಕ್ಕಿತು, ಫೋನ್ ಬಂತು ಎಂದು ಎಲ್ಲಿ ಬೇಕಾದರೂ ನಿಲ್ಲಿಸಿಕೊಳ್ಳಿ. ಮ್ಯೂಸಿಯಂ ದೃಶ್ಯಕ್ಕೂ ಜೆಸ್ ಮನೆಯೊಳಗೆ ಕಾಲಿಡುವುದಕ್ಕೂ ನಡುವೆ ಮಾತ್ರ ನಿಲ್ಲಿಸಬೇಡಿ. ಅವೆರಡನ್ನೂ ಒಂದೇ ಉಸಿರಿಗೆ ನೋಡಬೇಕು.