ರಾಹು ಹೊತ್ತಿಗೆ ಸರಿಯಾಗಿ ಬರುವುದು ಹೇಗೆ?

ಗ್ರಹಣದ ರಾತ್ರಿ ನಮ್ಮ ಮನೆಯಲ್ಲಿ ಅಜ್ಜಿ ಹಿತ್ತಾಳೆ ತಟ್ಟೆಗೆ ನೀರು ಹಾಕಿ, ನಡುವೆ ಒನಕೆ ನಿಲ್ಲಿಸುತ್ತಿದ್ದಳು. ಉಪ್ಪಿನಕಾಯಿ ಭರಣಿ, ಹಾಲಿನ ಪಾತ್ರೆ, ನೀರಿನ ಕೊಡ, ಎಲ್ಲದರ ಮೇಲೂ ಒಂದೊಂದು ದರ್ಭೆ. ಜಗಲಿಯಲ್ಲಿ ತಾತ ಪಂಚಾಂಗ ಬಿಡಿಸಿಕೊಂಡು ಗಡಿಯಾರ ನೋಡುತ್ತ ಕೂತಿರುತ್ತಿದ್ದರು. ‘ಸ್ಪರ್ಶಕ್ಕೆ ಇನ್ನು ನಾಲ್ಕು ನಿಮಿಷ’ ಅನ್ನುವರು. ನಾಲ್ಕು ನಿಮಿಷ ಕಳೆದು ಇನ್ನೊಂದಿಷ್ಟು ಹೊತ್ತಾಗುವಷ್ಟರಲ್ಲಿ ಚಂದ್ರನ ಅಂಚು ಕಚ್ಚಿದಂತೆ ಕಾಣುತ್ತಿತ್ತು.

ಅಜ್ಜಿಯ ಕಥೆ ನಿಮಗೂ ಗೊತ್ತಿರುವುದೇ. ದೇವತೆಗಳ ಪಂಕ್ತಿಯಲ್ಲಿ ಕದ್ದು ಕೂತು ಅಮೃತ ಕುಡಿದ ಅಸುರ, ಸೂರ್ಯ ಚಂದ್ರರು ಹೇಳಿದ ಚಾಡಿ, ವಿಷ್ಣುವಿನ ಚಕ್ರ, ತುಂಡಾದ ತಲೆಯ ತೀರದ ಸೇಡು. ಕಥೆ ನನಗೆ ಬಲು ಇಷ್ಟವಾಗಿತ್ತು. ತಲೆಯಲ್ಲಿ ಒಂದೇ ಪ್ರಶ್ನೆ ಉಳಿದುಬಿಟ್ಟಿತ್ತು: ಸೇಡು ತೀರಿಸಲು ಬರುವ ರಾಕ್ಷಸ ಇಂಥ ದಿನ, ಇಷ್ಟು ಗಂಟೆ, ಇಷ್ಟು ನಿಮಿಷಕ್ಕೇ ಬರುತ್ತಾನೆಂದು ಪಂಚಾಂಗದವರಿಗೆ ಯುಗಾದಿಗೆ ಮುಂಚೆಯೇ ತಿಳಿದದ್ದು ಹೇಗೆ?

ಉತ್ತರ 1500 ವರ್ಷ ಹಳೆಯದು. 499ರಲ್ಲಿ, 23ರ ಹರೆಯದ ಆರ್ಯಭಟ ಅರ್ಧ ಶ್ಲೋಕದಲ್ಲಿ ಮುಗಿಸಿಬಿಟ್ಟ: ‘ಛಾದಯತಿ ಶಶೀ ಸೂರ್ಯಂ ಶಶಿನಂ ಮಹತೀ ಚ ಭೂಚ್ಛಾಯಾ’. ಸೂರ್ಯನನ್ನು ಮರೆಮಾಡುವವನು ಚಂದ್ರ, ಚಂದ್ರನನ್ನು ಮುಚ್ಚುವುದು ಭೂಮಿಯ ದೊಡ್ಡ ನೆರಳು. ಅಷ್ಟೇ. ರಾಹುವಿನ ಹೆಸರೂ ಇಲ್ಲ.

ಮುಂದಿನ ತಲೆಮಾರಿನ ವರಾಹಮಿಹಿರ ‘ಬೃಹತ್ಸಂಹಿತೆ’ಯಲ್ಲಿ ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯನ್ನೇ ಕೊಟ್ಟ. ಅರ್ಧ ಗ್ರಹಣ ಹಿಡಿದ ಚಂದ್ರನ ಕೊಂಬುಗಳು ಮೊಂಡು, ಅರ್ಧ ಗ್ರಹಣ ಹಿಡಿದ ಸೂರ್ಯನ ಕೊಂಬುಗಳು ಚೂಪು. ಯಾಕೆ? ಮನೆಯಲ್ಲೇ ಮಾಡಿ ನೋಡಬಹುದು. ಒಂದು ನಾಣ್ಯದ ಮೇಲೆ ಅಷ್ಟೇ ದೊಡ್ಡ ಇನ್ನೊಂದು ನಾಣ್ಯವನ್ನು ಅರ್ಧ ಸರಿಸಿಡಿ. ಉಳಿದ ತುಣುಕು ಬಿದಿಗೆ ಚಂದ್ರನ ಹಾಗೆ, ತುದಿ ಮೊನಚು. ಈಗ ಆ ನಾಣ್ಯದ ಅರ್ಧವನ್ನು ಊಟದ ತಟ್ಟೆಯಿಂದ ಮುಚ್ಚಿ. ತಟ್ಟೆಯ ಅಂಚು ಹೆಚ್ಚುಕಡಿಮೆ ನೇರ ಗೆರೆ, ಹಾಗಾಗಿ ತುದಿ ಮೊಂಡು. ಸೂರ್ಯನನ್ನು ಮುಚ್ಚುವ ವಸ್ತು ನಮ್ಮ ಕಣ್ಣಿಗೆ ಅವನಷ್ಟೇ ಅಗಲ. ಚಂದ್ರನನ್ನು ಮುಚ್ಚುವುದು ಅವನ ಎರಡೂವರೆ ಪಟ್ಟಿಗೂ ಅಗಲ. ಎರಡನ್ನೂ ನುಂಗುವ ಬಾಯಿ ಒಂದೇ ಆಗಲು ಸಾಧ್ಯವಿಲ್ಲ. ದೂರದರ್ಶಕ ಇಲ್ಲದ ಕಾಲದಲ್ಲಿ, ಬರಿಗಣ್ಣಲ್ಲಿ ಒಂದು ತುದಿಯನ್ನು ನೋಡಿ ಇಷ್ಟು ದೂರ ಯೋಚಿಸಿದ ಆ ಬುದ್ಧಿಗೆ ನಾನು ಪ್ರತಿ ಗ್ರಹಣದಲ್ಲೂ ಕೈಮುಗಿಯುತ್ತೇನೆ.

ಆದರೆ ಅದೇ ಅಧ್ಯಾಯದಲ್ಲಿ ವರಾಹಮಿಹಿರ ರಾಹುವಿಗೂ ಒಂದು ಮಣೆ ಹಾಕಿಕೊಟ್ಟಿದ್ದಾನೆ. ಗ್ರಹಣಕಾಲದ ದಾನ ಹೋಮಗಳಲ್ಲಿ ಪಾಲು ಸಿಗಲೆಂದು ಬ್ರಹ್ಮ ರಾಹುವಿಗೆ ವರ ಕೊಟ್ಟಿದ್ದಾನಂತೆ, ಅದಕ್ಕೇ ಅವನು ಆ ಹೊತ್ತಿಗೆ ಅಲ್ಲಿರುತ್ತಾನಂತೆ. ಕಾರಣ ನೆರಳು, ಹಾಜರಿ ರಾಹುವಿನದು.

628ರಲ್ಲಿ ‘ಬ್ರಾಹ್ಮಸ್ಫುಟಸಿದ್ಧಾಂತ’ ಬರೆದ ಬ್ರಹ್ಮಗುಪ್ತ ಇಷ್ಟಕ್ಕೂ ಒಪ್ಪಲಿಲ್ಲ. ಸೊನ್ನೆಯ ಲೆಕ್ಕಕ್ಕೆ ನಿಯಮ ಬರೆದ ಗಣಿತಜ್ಞ ಈತ. ರಾಹು ಕಾರಣವಲ್ಲ ಎನ್ನುವ ಆರ್ಯಭಟ, ವರಾಹಮಿಹಿರರು ವೇದಕ್ಕೂ ಸ್ಮೃತಿಗೂ ಲೋಕದ ನಂಬಿಕೆಗೂ ವಿರುದ್ಧ ಎಂದು ಗದರಿದ. ಗದರಿ, ಗ್ರಹಣದ ಲೆಕ್ಕವನ್ನು ಮಾತ್ರ ಭೂಮಿಯ ನೆರಳನ್ನು ಅಳೆದೇ ಮಾಡಿದ.

ಸುಮಾರು 400 ವರ್ಷದ ನಂತರ ಈ ಪುಟಗಳು ಮಧ್ಯ ಏಷ್ಯಾದ ಖ್ವಾರಿಜ್ಮ್‌ನಿಂದ ಬಂದ ವಿದ್ವಾಂಸ ಅಲ್ ಬಿರೂನಿಯ ಕೈಗೆ ಸಿಕ್ಕವು. ಸಂಸ್ಕೃತ ಕಲಿತು ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದವನು ಅವನು. ಇಷ್ಟು ಬಲ್ಲ ಬ್ರಹ್ಮಗುಪ್ತ ಹೀಗೇಕೆ ಬರೆದ ಎಂದು ಅವನಿಗೆ ನಿಜಕ್ಕೂ ಸಂಕಟವಾಯಿತು. ಆತ್ಮಸಾಕ್ಷಿಗೆ ವಿರುದ್ಧವಾದ ಈ ಮಾತು, ಜನರ ನಂಬಿಕೆಗೆ ಎದುರು ನಿಂತು ವಿಷ ಕುಡಿಯಬೇಕಾಗಿ ಬಂದ ಗ್ರೀಕ್ ತತ್ವಜ್ಞಾನಿ ಸಾಕ್ರಟೀಸನ ಗತಿ ತನಗೂ ಬಂದೀತೆಂಬ ಭಯದಿಂದ ಹೊರಟಿರಬೇಕು ಎಂದು ಊಹಿಸಿದ. ಬ್ರಹ್ಮಗುಪ್ತನ ಮನಸ್ಸಿನೊಳಗೆ ಇಳಿಯುವ ದಾರಿ ನಮಗಿಲ್ಲ. ಅವನು ಮನಸಾರೆ ನಂಬಿಯೂ ಇರಬಹುದು. ಆದರೆ ಬೇರೆ ಧರ್ಮದ, ಬೇರೆ ದೇಶದ ಒಬ್ಬ ವಿಜ್ಞಾನಿ ನಾಲ್ಕು ಶತಮಾನ ಹಿಂದಿನ ತನ್ನ ಕಸುಬಿನವನ ಬಗ್ಗೆ ಮರುಗಿದ್ದು ನನ್ನ ಮನಸ್ಸನ್ನು ಕಲಕುತ್ತದೆ.

ಹಾಗಾದರೆ ಧರ್ಮ ವಿಜ್ಞಾನಕ್ಕೆ ಅಡ್ಡಗಾಲಾಯಿತೇ? ಅಷ್ಟು ಸಲೀಸಾಗಿ ಹೇಳಲಾರೆ. ಗ್ರಹಣಸ್ನಾನ, ತರ್ಪಣ, ದಾನ ಎಲ್ಲಕ್ಕೂ ಸರಿಯಾದ ಹೊತ್ತು ಬೇಕು. ನಮ್ಮ ಶಾಸನಗಳನ್ನೇ ನೋಡಿ. ‘ಸೂರ್ಯಗ್ರಹಣ ನಿಮಿತ್ತ’ ಕಾಲು ತೊಳೆದು ಧಾರೆಯೆರೆದು ಕೊಟ್ಟ ಭೂಮಿಗಳ ದಾಖಲೆ ಕನ್ನಡನಾಡಿನ ಕಲ್ಲುಗಳಲ್ಲಿ ಹೇರಳ. ಅದೇ ಗ್ರಹಣಗಳನ್ನು ಹಿಂದಕ್ಕೆ ಲೆಕ್ಕಹಾಕಿ ಶಾಸನತಜ್ಞರು ಇವತ್ತು ಅವುಗಳ ತೇದಿ ಪರಿಶೀಲಿಸುತ್ತಾರೆ. ಹೊತ್ತು ತಪ್ಪಿದರೆ ಕರ್ಮ ಕೆಟ್ಟಿತೆಂಬ ಭಯವೇ ಲೆಕ್ಕವನ್ನು ಮತ್ತೆ ಮತ್ತೆ ತಿದ್ದಿಸಿತು. ಕೇರಳದ ನಿಳಾ ನದಿಯ ದಡದಲ್ಲಿ ಪರಮೇಶ್ವರ ಎಂಬ ಗಣಿತಜ್ಞ ದಶಕಗಳ ಕಾಲ ಗ್ರಹಣಗಳನ್ನು ನೋಡಿ ಬರೆದಿಟ್ಟ. ಹಳೆಯ ಸೂತ್ರಕ್ಕೂ ಆಕಾಶಕ್ಕೂ ತಾಳೆಯಾಗದ್ದನ್ನು ಕಂಡು 1431ರಲ್ಲಿ ‘ದೃಗ್ಗಣಿತ’ ರಚಿಸಿದ. ಹೆಸರೇ ಹೇಳುವಂತೆ, ಕಣ್ಣಿಗೆ ಒಪ್ಪುವ ಗಣಿತ.

ಅವನ ಮಗನ ಶಿಷ್ಯ ನೀಲಕಂಠ ಸೋಮಯಾಜಿ, ಸೋಮಯಾಗ ಮಾಡಿದ ವೈದಿಕ. ಸೂತ್ರಗಳು ದೇವರ ಪ್ರಸಾದವಾಗಿ ಬಂದವು, ಪರೀಕ್ಷೆ ಯಾತಕ್ಕೆ ಎಂದವನಿಗೆ ಅವನು ಕೊಟ್ಟ ಉತ್ತರ: ‘ಮಂದ, ಮೈವಮ್’. ದಡ್ಡ, ಹಾಗಲ್ಲ. ದೇವರ ಅನುಗ್ರಹದಿಂದ ಬುದ್ಧಿ ತಿಳಿಯಾಗುತ್ತದೆ ಅಷ್ಟೇ, ಬ್ರಹ್ಮನೋ ಸೂರ್ಯನೋ ತಾನೇ ಬಂದು ಪಾಠ ಹೇಳುವುದಿಲ್ಲ. ದೇವರನ್ನು ಬಿಡದೆ ಪರೀಕ್ಷೆಯನ್ನೂ ಬಿಡದ ಈ ಮಾತನ್ನು ನಮ್ಮ ಶಾಲೆಯ ಗೋಡೆಗಳ ಮೇಲೆ ಬರೆಯಬೇಕು ಅನಿಸುತ್ತದೆ.

ಗಣಿತಜ್ಞರು ರಾಹುವನ್ನು ಕೊಲ್ಲಲಿಲ್ಲ, ಬಿಂದುವಾಗಿಸಿದರು. ಚಂದ್ರನ ದಾರಿ ಸೂರ್ಯನ ತೋರಿಕೆಯ ದಾರಿಗಿಂತ ಸುಮಾರು 5 ಡಿಗ್ರಿ ಓರೆ. ಎರಡೂ ಎರಡು ಕಡೆ ಸಂಧಿಸುತ್ತವೆ, ಒಂದು ರಾಹು, ಎದುರಿನದು ಕೇತು. ಹುಣ್ಣಿಮೆ, ಅಮಾವಾಸ್ಯೆ ಆ ಸಂಧಿಗಳ ಹತ್ತಿರ ಬಿದ್ದರೆ ಮಾತ್ರ ಗ್ರಹಣ. ಈ ಬಿಂದುಗಳು ಹಿಮ್ಮುಖವಾಗಿ ಜಾರುತ್ತ 18.6 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತವೆ. ‘ರಾಹು ಸದಾ ವಕ್ರಿ, ರಾಶಿಗೆ ಒಂದೂವರೆ ವರ್ಷ’ ಎಂದು ಜ್ಯೋತಿಷಿಗಳು ಹೇಳುವುದು ಇದನ್ನೇ. 18.6ನ್ನು 12ರಿಂದ ಭಾಗಿಸಿ ನೋಡಿ.

ನನಗೆ ಸಿಟ್ಟಿರುವುದು ಇನ್ನೊಂದು ವಿಷಯಕ್ಕೆ. ಗೊತ್ತಿದ್ದವರು ಗೊತ್ತಿದ್ದದ್ದನ್ನು ಶ್ಲೋಕದೊಳಗೇ ಇಟ್ಟುಕೊಂಡರು. ಪಂಚಾಂಗದ ಒಳಗೆ ನೆರಳಿನ ಲೆಕ್ಕ, ಬೀದಿಯಲ್ಲಿ ರಾಕ್ಷಸನ ಭಯ, ಹೀಗೆ 15 ಶತಮಾನ. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಕಾರವಾರದ ಕಡಲಿನಿಂದ ಹುಬ್ಬಳ್ಳಿ, ರಾಯಚೂರಿನ ಮೇಲೆ ಹಾದುಹೋಯಿತು. ವಿಜ್ಞಾನಿಗಳು ಉಪಕರಣ ಹೊತ್ತು ಉತ್ತರ ಕರ್ನಾಟಕಕ್ಕೆ ಬಂದಿದ್ದರೆ, ಊರವರು ಬಾಗಿಲು ಹಾಕಿ ಒಳಗೆ ಕೂತಿದ್ದರು. 2019ರ ಡಿಸೆಂಬರ್ 26ರ ಗ್ರಹಣದಲ್ಲಿ ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಅಂಗವೈಕಲ್ಯ ವಾಸಿಯಾಗುತ್ತದೆಂದು ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಲ್ಲಿ ಹೂತಿದ್ದರು. ಮಗು ನಡೆಯಲಿ ಎಂದು ಹಂಬಲಿಸಿದ ಅಪ್ಪ ಅಮ್ಮನನ್ನು ಬಯ್ಯಲು ನನಗೆ ಬಾಯಿ ಬರುವುದಿಲ್ಲ. ಆರ್ಯಭಟನ ಅರ್ಧ ಶ್ಲೋಕ ಅವರ ಮನೆ ಬಾಗಿಲಿಗೆ ಯಾಕೆ ತಲುಪಲಿಲ್ಲ ಎಂದು ಮಾತ್ರ ಕೇಳಬೇಕೆನಿಸುತ್ತದೆ.

2025ರ ಸೆಪ್ಟೆಂಬರ್ 7ರ ರಾತ್ರಿ ಮಗಳನ್ನು ಕರೆದುಕೊಂಡು ತಾರಸಿಗೆ ಹೋದೆ. ಕೈಯಲ್ಲಿ ತಾತ ನೋಡುತ್ತಿದ್ದಂಥದೇ ಪಂಚಾಂಗ, ಸ್ಪರ್ಶ 9 ಗಂಟೆ 57 ನಿಮಿಷ. ಮೋಡ ಬಿಟ್ಟು ಕೊಡುವಾಗ ಹತ್ತೂವರೆ ಸಮೀಪಿಸಿತ್ತು, ಅರ್ಧ ಚಂದ್ರ ಮುಚ್ಚಿಹೋಗಿದ್ದ. ತುದಿ ಹೇಗಿದೆ ನೋಡು ಅಂದೆ. ಅವಳು ಬಹಳ ಹೊತ್ತು ನೋಡಿ, ನೋಟ್‌ಬುಕ್‌ನಲ್ಲಿ ಬಿಡಿಸಿ ತೋರಿಸಿದಳು. ಕೊಂಬು ಮೊಂಡಾಗಿತ್ತು.