'ಪ್ರೊ ಆಗುವುದು': ಅಮೆಚೂರ್ ಅನುಭವ ಕಡಿಮೆ ಇದ್ದರೆ?

ಬಾಕ್ಸಿಂಗ್‌ನಲ್ಲಿ 'ಪ್ರೊ ಆಗುವುದು' ಅಂದರೆ ಲೈಸೆನ್ಸ್ ಪಡೆದು, ಕರಾರಿಗೆ ಸಹಿ ಹಾಕಿ, ದುಡ್ಡಿಗಾಗಿ ರಿಂಗ್‌ಗೆ ಇಳಿಯುವುದು. ಅದಕ್ಕೆ ಮುಂಚೆ ಇಷ್ಟು ಅಮೆಚೂರ್ (ದುಡ್ಡಿಗಲ್ಲದ, ಹವ್ಯಾಸಿ) ಪಂದ್ಯ ಆಡಿರಲೇಬೇಕು ಅನ್ನುವ ಒಂದೇ ನಿಯಮ ಎಲ್ಲಾ ಕಡೆ ಇಲ್ಲ. ಲೈಸೆನ್ಸ್ ಕೊಡುವವರು ಮುಖ್ಯವಾಗಿ ರಕ್ತ, ಕಣ್ಣು, ಮೆದುಳಿನ ಸ್ಕ್ಯಾನ್ ನೋಡುತ್ತಾರೆ. ಕೆಲವು ಕಡೆ ಸ್ಪಾರಿಂಗ್ (ಅಭ್ಯಾಸದ ಗುದ್ದಾಟ) ಮಾಡಿಸಿಯೂ ನೋಡುತ್ತಾರೆ. ಉಕ್ರೇನ್‌ನ ಬಾಕ್ಸರ್ ವಾಸಿಲ್ ಲೊಮಾಚೆಂಕೊ ಸುಮಾರು 400 ಅಮೆಚೂರ್ ಪಂದ್ಯ ಆಡಿ ಪ್ರೊ ಆದವರು. ಅಮೆರಿಕದ ಹೆವಿವೇಟ್ ಚಾಂಪಿಯನ್ ರಾಕಿ ಮಾರ್ಸಿಯಾನೊ ಅಮೆಚೂರ್ ಆಗಿ ಆಡಿದ್ದು ಕೆಲವೇ ಪಂದ್ಯ. ಆದರೂ ಪ್ರೊ ಆಗಿ 49 ಪಂದ್ಯ ಗೆದ್ದು, ಒಂದೂ ಸೋಲದೆ 1956ರಲ್ಲಿ ನಿವೃತ್ತರಾದರು.

ಮಾರ್ಸಿಯಾನೊ ಹೆಸರು ಹೇಳಿ ಆತುರ ಪಡುವವರೇ ಜಾಸ್ತಿ. ಅಮೆಚೂರ್ ಪಂದ್ಯಗಳ ದೊಡ್ಡ ಲಾಭ ಏನು ಗೊತ್ತಾ? ಅಲ್ಲಿ ಸೋತರೆ ಅಷ್ಟೇನೂ ನಷ್ಟವಿಲ್ಲ. ಎಡಗೈ ಬಾಕ್ಸರ್, ಉದ್ದ ಕೈಯವನು, ಮೈಮೇಲೆ ಬೀಳುವವನು, ಹೀಗೆ ಎಲ್ಲರನ್ನೂ ಎದುರಿಸಿ, ಏಟು ತಿಂದು ಕಲಿಯಬಹುದು. ಪ್ರೊ ಆದ ಮೇಲೆ ಒಂದೊಂದು ಸೋಲೂ ದಾಖಲೆಯಲ್ಲಿ ಉಳಿಯುತ್ತದೆ. ಮುಂದಿನ ಪಂದ್ಯ, ಅದರ ದುಡ್ಡು, ಎರಡಕ್ಕೂ ಅದರ ಬಿಸಿ ತಟ್ಟುತ್ತದೆ.

ಏಟೂ ಬೇರೆ. ಪ್ರೊ ಬಾಕ್ಸರ್‌ನ ಕೈಗೆ ಗಾಜ್ ಬಟ್ಟೆ ಸುತ್ತಿ ಮೇಲೆ ಟೇಪ್ ಬಿಗಿಯುತ್ತಾರೆ. ಮುಷ್ಟಿ ಗಟ್ಟಿಯಾಗುತ್ತದೆ. ಕಡಿಮೆ ತೂಕದ ವಿಭಾಗಗಳಲ್ಲಿ ಗ್ಲೌಸ್ 8 ಔನ್ಸ್ ಮಾತ್ರ, ಅಮೆಚೂರ್‌ನಲ್ಲಿ ಕನಿಷ್ಠ 10. ಅಮೆಚೂರ್ ಪಂದ್ಯ ಮೂರೇ ರೌಂಡ್, ಪ್ರೊ ಮೊದಲ ಪಂದ್ಯ ಸಾಮಾನ್ಯವಾಗಿ ನಾಲ್ಕು. ಒಂದೇ ರೌಂಡ್ ಜಾಸ್ತಿ ಅಲ್ವಾ ಅನಿಸಬಹುದು. ಆದರೆ ಮೂರು ರೌಂಡ್ ಪೂರ್ತಿ ವೇಗದಲ್ಲಿ ಹೊಡೆದು ರೂಢಿಯಾದವನಿಗೆ ನಾಲ್ಕನೆಯದರಲ್ಲಿ ಕೈ ಇಳಿಯುತ್ತದೆ. ಪಕ್ಕೆಗೆ ತಿಂದ ಏಟುಗಳು ಆಗ ಕಾಡುತ್ತವೆ. ಮೊಣಕೈ ಪಕ್ಕೆ ಕಾಯಲು ಹೋದರೆ ಗದ್ದ ಬಯಲಾಗುತ್ತದೆ.

ಇಷ್ಟಾದರೂ ದಾರಿ ಮುಚ್ಚಿಲ್ಲ. ಅಮೆಚೂರ್‌ನಲ್ಲಿ ಕಲಿಯದ್ದನ್ನು ನಾಲ್ಕು, ಆರು ರೌಂಡ್‌ನ ಸಣ್ಣ ಪಂದ್ಯಗಳಲ್ಲಿ ನಿಧಾನವಾಗಿ ಕಲಿಯಬೇಕು. ಇಲ್ಲಿ ಮ್ಯಾಚ್‌ಮೇಕರ್ (ಯಾರ ಮೇಲೆ ಯಾರು ಆಡಬೇಕು ಅಂತ ಪಂದ್ಯ ಗೊತ್ತುಮಾಡುವವನು) ಕೆಲಸ ತುಂಬಾ ಮುಖ್ಯ. ಅನುಭವವಿದ್ದು ಹೆಚ್ಚು ಅಪಾಯವಿಲ್ಲದ ಎದುರಾಳಿಯನ್ನು ಆರಿಸುವವನು ಹೊಸಬನಿಗೆ ಗುರುವನ್ನೇ ಹುಡುಕಿ ಕೊಟ್ಟಂತೆ. ತೂಕವನ್ನೂ ಸರಿಯಾಗಿ ಆರಿಸಬೇಕು. ಜೈಲಿನಿಂದ ಬಿಡುಗಡೆಯಾಗಿ ಪ್ರೊ ಆದ ಅಮೆರಿಕದ ಬರ್ನಾರ್ಡ್ ಹಾಪ್ಕಿನ್ಸ್ 1988ರಲ್ಲಿ ಮೊದಲ ಪಂದ್ಯವನ್ನು ಲೈಟ್ ಹೆವಿವೇಟ್‌ನಲ್ಲಿ ಆಡಿ ಸೋತರು. ಒಂದು ವರ್ಷಕ್ಕೂ ಹೆಚ್ಚು ಕಾಲ ರಿಂಗ್‌ನಿಂದ ದೂರವಿದ್ದು, ಅದಕ್ಕಿಂತ ಕಡಿಮೆ ತೂಕದ ಮಿಡಲ್‌ವೇಟ್‌ಗೆ ಇಳಿದು ಬಂದರು. 1995ರಲ್ಲಿ ವಿಶ್ವ ಚಾಂಪಿಯನ್ ಆದರು.

ಸಹಿ ಹಾಕುವ ಮುಂಚೆ ಈಗಾಗಲೇ ಪ್ರೊ ಆಗಿರುವವರ ಜೊತೆ ಆರು ರೌಂಡ್ ಸ್ಪಾರಿಂಗ್ ಮಾಡಿ. ಕೊನೆಯ ಎರಡು ರೌಂಡ್ ಹೇಗಿತ್ತು ಅಂತ ಕೋಚ್ ಹತ್ತಿರ ಮುಚ್ಚುಮರೆಯಿಲ್ಲದೆ ಕೇಳಿ. 'ಇನ್ನೊಂದು ವರ್ಷ ಅಮೆಚೂರ್ ಆಡು' ಅಂದರೆ ಬೇಜಾರಾಗಬೇಡಿ, ಆಡಿ.